ಹಾರ ಹಾಕಿದವರಿಗೆ ನಮ್ಮ ಲೆಕ್ಕ



ನವೆಂಬರ್ 26 ಬಂತೆಂದರೆ ನಮ್ಮ ಹಾಸ್ಟೆಲುಗಳಲ್ಲಿ ಬೆಳಿಗ್ಗೆಯೇ ಗದ್ದಲ. ವಾರ್ಡನ್ನು ಅವತ್ತು ಮಾತ್ರ ಹೊತ್ತಿಗೆ ಮುಂಚೆ ಬರುತ್ತಾರೆ. ಬಾಬಾಸಾಹೇಬರ ಪಟದ ಮೇಲಿನ ಧೂಳು ಒರೆಸುತ್ತಾರೆ. ಹಾರ ಬರುತ್ತದೆ, ಊದುಬತ್ತಿ ಬರುತ್ತದೆ. ಜೀವಮಾನವೆಲ್ಲ ಪೂಜೆ ಪುರಸ್ಕಾರದ ವಿರುದ್ಧ ಬಡಿದಾಡಿದ ಮನುಷ್ಯನಿಗೆ ಊದುಬತ್ತಿ! ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಸಂವಿಧಾನದ ಪೀಠಿಕೆ ಓದಿಸುತ್ತಾರೆ. ಫೋಟೋ ತೆಗೆಯುತ್ತಾರೆ. ಫೋಟೋ ಮೇಲಿನವರಿಗೆ ಹೋಗುತ್ತದೆ. ಮಧ್ಯಾಹ್ನ ಊಟಕ್ಕೆ ಕೂತರೆ ಅದೇ ನೀರು ಸಾರು, ಅದೇ ಮುಗ್ಗಲು ಅಕ್ಕಿಯ ಅನ್ನ. ಸ್ಕಾಲರ್‌ಶಿಪ್ ಯಾವಾಗ ಸಾರ್ ಅಂದರೆ, ಬರುತ್ತೆ ಹೋಗ್ರಯ್ಯ ಅನ್ನುವ ಅದೇ ಉತ್ತರ.

ಹೋದ ಸಲ ಹೀಗೆ ಓದಿ ಮುಗಿಸಿ ಕೋಣೆಗೆ ಬಂದಾಗ ಪಿ.ಯು.ಸಿ. ಮೊದಲ ವರ್ಷದ ಹುಡುಗನೊಬ್ಬ ಕೇಳಿದ. "ಅಣ್ಣಾ, 'ಭಾರತದ ಜನತೆಯಾದ ನಾವು' ಅಂತ ಓದಿಸಿದ್ರಲ್ಲಾ, ಆ 'ನಾವು' ಅಂದ್ರೆ ಯಾರು? ನಮ್ ತಾತ ಅದ್ರಲ್ಲಿ ಇದ್ನಾ?"

ಕೆಲವರು ನಕ್ಕರು. ಆದರೆ ಉತ್ತರ ಹೇಳೋಕೆ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಏಪ್ರಿಲ್ 14ಕ್ಕೆ ಮೆರವಣಿಗೆಯಲ್ಲಿ ಗಂಟಲು ಹರಿಯುವ ಹಾಗೆ ಕೂಗುವವರು ನಾವು. ಸಂವಿಧಾನ ನಮ್ಮದು ಅನ್ನುವವರು ನಾವು. ನಮ್ಮದು ಹೇಗಾಯಿತು ಅಂದರೆ ಬಾಯಿ ಕಟ್ಟಿತು. ಆ ನಾಚಿಕೆಯಿಂದ ಹುಡುಕಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ತಾತ ಒಳಗಿದ್ದನೇ, ಹೊರಗಿದ್ದನೇ?

ಮೊದಲು ಉಪ್ಪು ಖಾರ ಹಚ್ಚದೆ ಸತ್ಯ ಹೇಳಿಬಿಡೋಣ. ಸಂವಿಧಾನ ಸಭೆಗೆ ಜನ ನೇರವಾಗಿ ಓಟು ಹಾಕಿ ಯಾರನ್ನೂ ಕಳಿಸಲಿಲ್ಲ. ಬ್ರಿಟಿಷ್ ಪ್ರಾಂತ್ಯಗಳ ವಿಧಾನ ಸಭೆಗಳಿಗೆ ಚುನಾವಣೆ ನಡೆದಿತ್ತು. ಆ ಸಭೆಗಳ ಸದಸ್ಯರು 1946ರ ಜುಲೈನಲ್ಲಿ ಸಂವಿಧಾನ ಸಭೆಯವರನ್ನು ಆರಿಸಿದರು. ಹಾಗಾದರೆ ಆ ವಿಧಾನ ಸಭೆಗಳಿಗೆ ಓಟು ಹಾಕಿದವರು ಯಾರು? 1935ರ ಕಾಯ್ದೆಯ ಪ್ರಕಾರ ಓಟು ಇದ್ದದ್ದು ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ, ಓದು ಬರಹ ಬಲ್ಲವರಿಗೆ. ವಯಸ್ಸಿಗೆ ಬಂದ ನೂರು ಜನರಲ್ಲಿ ಸುಮಾರು 28 ಜನರಿಗೆ. ಉಳಿದ 72 ಜನ ಯಾರು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಗೌಡರ ಹೊಲದಲ್ಲಿ ಜೀತಕ್ಕಿದ್ದವನ ಹೆಸರಿನಲ್ಲಿ ಯಾವ ಆಸ್ತಿ? ಶಾಲೆಯ ಜಗಲಿಯನ್ನೂ ಹತ್ತಲು ಬಿಡದವನಿಗೆ ಯಾವ ಓದು?

ಸಂಸ್ಥಾನಗಳ ಕತೆ ಬೇರೆ. ಅಲ್ಲಿಂದ ಬಂದವರಲ್ಲಿ ಅನೇಕರು ರಾಜರು ನೇಮಿಸಿ ಕಳಿಸಿದವರು. ಮೈಸೂರು ಸಂಸ್ಥಾನಕ್ಕೆ 7 ಸ್ಥಾನ ಇದ್ದವು. ಹೈದರಾಬಾದ್ ನಿಜಾಮನ ಕೈಕೆಳಗಿದ್ದ ಬೀದರ್, ಗುಲ್ಬರ್ಗಾ, ರಾಯಚೂರಿನ ನಮ್ಮವರ ಪಾಡು ಇನ್ನೂ ಕಡೆ. ಆ ಸಂಸ್ಥಾನದ ಪರವಾಗಿ ಸಭೆಯಲ್ಲಿ ಕೂತವರು ಒಬ್ಬರೂ ಇರಲಿಲ್ಲ. 1949ರ ನವೆಂಬರಿನಲ್ಲಿ ನಿಜಾಮರ ಫರ್ಮಾನು ಹೊರಟಿತು, ಸಂವಿಧಾನ ಒಪ್ಪಿದೆ ಅಂತಾಯಿತು. ಅಷ್ಟೇ.

ಆದ್ದರಿಂದ ತಮ್ಮಾ, ನಿನ್ನ ತಾತ ಓಟಿನ ಪಟ್ಟಿಯಲ್ಲಿ ಇರಲಿಲ್ಲ. ಬಾಗಿಲಾಚೆ ನಿಂತಿದ್ದ.

ಈ ಮಾತು ಹೇಳಿದ ಕೂಡಲೇ ಕಿವಿ ನಿಮಿರಿಸುವ ಜನ ಇದ್ದಾರೆ. ನೋಡ್ರಪ್ಪಾ, ಜನ ಮಾಡದ ಸಂವಿಧಾನ, ಪರದೇಶದಿಂದ ನಕಲು ಹೊಡೆದದ್ದು, ಈ ನೆಲದ್ದಲ್ಲ, ಬದಲಾಯಿಸೋಣ ಅಂತಾರೆ. 2017ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದವರೇ ಆದ ಕೇಂದ್ರ ಮಂತ್ರಿಯೊಬ್ಬರು ಕೊಪ್ಪಳ ಜಿಲ್ಲೆಯ ಸಭೆಯಲ್ಲಿ, ನಾವು ಬಂದಿರುವುದೇ ಸಂವಿಧಾನ ಬದಲಿಸುವುದಕ್ಕೆ ಅನ್ನುವ ಅರ್ಥದ ಮಾತಾಡಿ, ಆಮೇಲೆ ಲೋಕಸಭೆಯಲ್ಲಿ ಕ್ಷಮೆ ಕೇಳಿದರು. ಇವರಿಗೆ ನಾವು ಕೇಳುವುದು ಒಂದೇ ಪ್ರಶ್ನೆ. ಸ್ವಾಮಿ, ಹೊರಗೆ ನಿಂತಿದ್ದ ಆ 72 ಜನರನ್ನು ಒಳಗೆ ಕರೆಯೋಕೆ ಸಂವಿಧಾನ ಬದಲಿಸಬೇಕು ಅಂತೀರೋ, ಒಳಗೆ ಬಂದವರನ್ನು ಮತ್ತೆ ಹೊರಗೆ ಹಾಕೋಕೆ ಅಂತೀರೋ? ನಿಮ್ಮ ಪೂರ್ವಿಕರು ಕೇರಿಯ ಜನರ ಅಭಿಪ್ರಾಯ ಕೇಳಿ ಮನುಸ್ಮೃತಿ ಬರೆದರೇ? ಈ ನೆಲದ್ದು ಅಂತ ನೀವು ಎದೆ ತಟ್ಟಿಕೊಳ್ಳುವ ಆ ಶಾಸ್ತ್ರಕ್ಕೆ ನಮ್ಮ ತಾತ ಯಾವ ಊರಿನಲ್ಲಿ ಹೆಬ್ಬೆಟ್ಟು ಒತ್ತಿದ್ದ?

ಬಾಗಿಲು ಬಡಿದವರು

ಇನ್ನೊಂದು ಸತ್ಯವೂ ಇದೆ. ಅದನ್ನು ಅವರು ಹೇಳುವುದಿಲ್ಲ. ನಾವೂ ಮರೆತಿದ್ದೇವೆ. ಹೊರಗೆ ನಿಂತವರು ಸುಮ್ಮನೆ ನಿಂತಿರಲಿಲ್ಲ. ಬಾಗಿಲು ಬಡಿದರು.

ಬಾಬಾಸಾಹೇಬರನ್ನು ಯಾರೋ ಹಾರ ಹಾಕಿ ಸಂವಿಧಾನ ಸಭೆಗೆ ಕರೆದುಕೊಂಡು ಹೋದರು ಅಂತ ತಿಳಿದಿದ್ದೀರಾ? ಅವರ ಪರಿಶಿಷ್ಟ ಜಾತಿ ಒಕ್ಕೂಟ ಆ ಚುನಾವಣೆಯಲ್ಲಿ ನೆಲ ಕಚ್ಚಿತ್ತು. ಸ್ವಂತ ಪ್ರಾಂತ್ಯವಾದ ಮುಂಬಯಿಯಿಂದ ಆರಿಸಿ ಬರುವಷ್ಟು ಮತ ಇರಲಿಲ್ಲ. ಕೈ ಹಿಡಿದದ್ದು ದೂರದ ಬಂಗಾಳ. ಜೋಗೇಂದ್ರನಾಥ ಮಂಡಲ್ ಮತ್ತು ಅವರ ಜೊತೆಗಿದ್ದ ಪರಿಶಿಷ್ಟ ಜಾತಿ ಶಾಸಕರು ಓಟು ಹಾಕಿ 1946ರಲ್ಲಿ ಗೆಲ್ಲಿಸಿದರು. ಬಂಗಾಳದ ಅಸ್ಪೃಶ್ಯರು ಮುಂಬಯಿಯ ಅಸ್ಪೃಶ್ಯನನ್ನು ದಿಲ್ಲಿಗೆ ಕಳಿಸಿದರು! ದೇಶ ಒಡೆದಾಗ ಆ ಸ್ಥಾನವೂ ಹೋಯಿತು. ಆಮೇಲೆ 1947ರ ಜುಲೈನಲ್ಲಿ ಮುಂಬಯಿಯಿಂದ ಕಾಂಗ್ರೆಸ್ಸಿನವರೇ ಆರಿಸಿ ಕಳಿಸಬೇಕಾಯಿತು. ಅಷ್ಟು ಹೊತ್ತಿಗೆ ಆ ಸಭೆಗೆ ಅವರ ಯೋಗ್ಯತೆ ಗೊತ್ತಾಗಿತ್ತು. 1947ರ ಆಗಸ್ಟ್ 29ರಂದು ಕರಡು ಸಮಿತಿ ರಚನೆಯಾಗಿ ಅವರು ಅದರ ಅಧ್ಯಕ್ಷರಾದರು.

ಅದಕ್ಕೂ ಮುಂಚೆ, 1946ರ ಜುಲೈನಲ್ಲಿ, ಪುಣೆಯ ಬೀದಿಯಲ್ಲಿ ಏನಾಯಿತು ಗೊತ್ತೇ? ಬ್ರಿಟಿಷರ ಕ್ಯಾಬಿನೆಟ್ ಮಿಷನ್ ತಂದ ಯೋಜನೆಯಲ್ಲಿ ದಲಿತರ ಹೆಸರೇ ಇಲ್ಲ ಅಂತ ಒಕ್ಕೂಟದ ಕಾರ್ಯಕರ್ತರು ಸತ್ಯಾಗ್ರಹ ಕೂತರು, ಜೈಲಿಗೆ ಹೋದರು. ಹೆಸರಿಲ್ಲದ ಜನ. ಅವರ ಪಟ ಯಾವ ಹಾಸ್ಟೆಲಿನಲ್ಲೂ ಇಲ್ಲ. 1947ರಲ್ಲಿ ಬಾಬಾಸಾಹೇಬರು ಒಕ್ಕೂಟದ ಪರವಾಗಿ ದೊಡ್ಡ ಮನವಿಯನ್ನೇ ಬರೆದು ಸಭೆಗೆ ಕೊಟ್ಟರು. ಭೂಮಿ ಸರ್ಕಾರದ ಒಡೆತನಕ್ಕೆ ಬರಬೇಕು, ಮುಖ್ಯ ಕೈಗಾರಿಕೆಗಳು ಸರ್ಕಾರದ ಕೈಯಲ್ಲಿರಬೇಕು, ಇವೆಲ್ಲ ಸಂವಿಧಾನದಲ್ಲೇ ಬರೆದಿರಬೇಕು ಅಂದರು. ಅದು ಆಗಲಿಲ್ಲ. ಅಂದರೆ ನಾವು ಕೇಳಿದ್ದೆಲ್ಲ ಬಂದಿಲ್ಲ. ಬಂದದ್ದು ಬಡಿದಾಡಿ ಬಂದದ್ದು. 'ಬಾಬಾಸಾಹೇಬರು ಬರೆದರು, ನಮಗೆ ಕೊಟ್ಟರು' ಅಂತ ಮುಗಿಸಿಬಿಡುವ ನಮ್ಮ ಭಾಷಣಕಾರರು ಇದನ್ನು ತಿಳಿಯಬೇಕು. ಅವರು ಒಬ್ಬರೇ ಕೂತು ಬರೆದಿದ್ದರೆ ಭೂಮಿಯ ಮಾತು ಅದರಲ್ಲಿ ಇರುತ್ತಿತ್ತು.

ಆ ಸಭೆಯಲ್ಲಿ 15 ಮಂದಿ ಹೆಂಗಸರಿದ್ದರು. ಅವರಲ್ಲಿ ದಲಿತ ಹೆಣ್ಣುಮಗಳು ಒಬ್ಬರೇ, ಕೊಚ್ಚಿ ಕಡೆಯ ಪುಲಯ ಜನಾಂಗದ ದಾಕ್ಷಾಯಣಿ ವೇಲಾಯುಧನ್. 1948ರ ನವೆಂಬರಿನಲ್ಲಿ ಕರಡಿನ ಮೇಲೆ ಮಾತಾಡುತ್ತಾ ಅವರು ಒಂದು ಸಲಹೆ ಕೊಟ್ಟರು. ಈ ಸಂವಿಧಾನವನ್ನು ಸಾರ್ವತ್ರಿಕ ಚುನಾವಣೆಯ ಮೂಲಕ ಜನರ ಮುಂದಿಟ್ಟು ಒಪ್ಪಿಗೆ ಪಡೆಯಬೇಕು ಅನ್ನುವ ಸಲಹೆ. ನೋಡಿ, ಜನರನ್ನು ಕೇಳಿ ಅಂದವರು ಯಾರು? ಕೇರಿಯಿಂದ ಬಂದ ಹೆಣ್ಣುಮಗಳು. ಸಭೆ ಆ ದಾರಿ ಹಿಡಿಯಲಿಲ್ಲ.

ಆದರೂ ಕರಡು 1948ರ ಫೆಬ್ರವರಿಯಲ್ಲಿ ಪ್ರಕಟವಾಗಿ ಎಂಟು ತಿಂಗಳು ಜನರ ಮುಂದೆ ಇತ್ತು. ಸಂಘಗಳು, ಜಾತಿ ಸಭೆಗಳು, ವಕೀಲರು, ಮಾಸ್ತರರು, ಎಷ್ಟೋ ಸಾಮಾನ್ಯರು ಕಾಗದ ಬರೆದರು, ತಂತಿ ಕಳಿಸಿದರು. ಸಭೆಯ ಒಳಗೆ 7,635 ತಿದ್ದುಪಡಿಗಳ ಸೂಚನೆ ಬಂದವು, 2,473 ಚರ್ಚೆಗೆ ಬಂದವು. ಒಟ್ಟು ಮೂರು ವರ್ಷಕ್ಕೆ ಕೆಲವೇ ದಿನ ಕಡಿಮೆ. ಕೊನೆಗೆ 28 ಜನರ ಓಟಿನಿಂದ ಹುಟ್ಟಿದ ಸಭೆ ನೂರಕ್ಕೆ ನೂರು ಜನರಿಗೂ ಓಟು ಕೊಟ್ಟಿತು. 1951-52ರ ಮೊದಲ ಚುನಾವಣೆಗೆ ಪಟ್ಟಿಯಲ್ಲಿ 17 ಕೋಟಿಗೂ ಹೆಚ್ಚು ಹೆಸರು.

ಅಲ್ಲಿ ತಮ್ಮಾ, ನಿನ್ನ ತಾತನ ಹೆಸರು ಬಂತು. ಬರೆಯುವಾಗ ಹೊರಗಿದ್ದವನು ಪಾಲಿಸುವ ಹೊತ್ತಿಗೆ ಒಳಗೆ ಬಂದ. ಹಾಗಾದರೆ ಪಾಲಿಸಿದರೇ? ಈಗ ಲೆಕ್ಕ ತೆಗೆಯೋಣ.

ಲೆಕ್ಕದ ಪುಸ್ತಕ

1948ರ ನವೆಂಬರ್ 29. ಅಸ್ಪೃಶ್ಯತೆ ರದ್ದಾಗಿದೆ ಎನ್ನುವ ವಿಧಿಯನ್ನು ಸಭೆ ಒಪ್ಪಿತು. ಸದಸ್ಯರು ಮಹಾತ್ಮಾ ಗಾಂಧಿಗೆ ಜೈಕಾರ ಹಾಕಿದರು. ಅದೇ ಇವತ್ತಿನ 17ನೇ ವಿಧಿ. ಅಸ್ಪೃಶ್ಯತೆ ಆಚರಿಸಿದರೆ ಕಾನೂನಿನ ಪ್ರಕಾರ ಶಿಕ್ಷೆ ಅಂತ ಬರೆದರು. ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26. ಶಿಕ್ಷೆ ಹೇಳುವ ಕಾನೂನನ್ನು ಪಾರ್ಲಿಮೆಂಟು ಮಾಡಿದ್ದು 1955ರಲ್ಲಿ. ಐದು ವರ್ಷ! ಆ ಕಾನೂನಿನಲ್ಲಾದರೂ ಏನಿತ್ತು? ಹೋಟೆಲಿಗೆ ಬಿಡದಿದ್ದರೆ, ಬಾವಿಗೆ ಬಿಡದಿದ್ದರೆ ಹೆಚ್ಚೆಂದರೆ ಆರು ತಿಂಗಳ ಜೈಲು ಅಥವಾ 500 ರೂಪಾಯಿ ದಂಡ, ಇಲ್ಲವೇ ಎರಡೂ. ಧಣಿಗಳು ದಂಡ ಎಸೆದು ಮೀಸೆ ತಿರುವಿ ಹೋಗುವಂತಿತ್ತು. 1976ರಲ್ಲಿ ಅದನ್ನು ಬಿಗಿ ಮಾಡಿ ಹೆಸರು ಬದಲಿಸಿದರು. ಬೆಂಕಿ ಇಟ್ಟದ್ದು, ಬೆತ್ತಲೆ ಮೆರವಣಿಗೆ ಮಾಡಿದ್ದು, ಹೇಲು ತಿನ್ನಿಸಿದ್ದು, ಇವಕ್ಕೆಲ್ಲ ಬೇರೆ ಕಾನೂನು ಬೇಕು ಅಂತ ಅರಿವಾಗಿ ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ. ಅಷ್ಟರಲ್ಲಿ ಸಂವಿಧಾನಕ್ಕೆ 40 ವರ್ಷ ಹತ್ತಿರ ಬಂದಿತ್ತು.

23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. 1950ರಲ್ಲೇ. ಜೀತ ನಿರ್ಮೂಲನೆ ಕಾಯ್ದೆ ಬಂದದ್ದು 1976ರಲ್ಲಿ. ಆ 26 ವರ್ಷ ಜೀತದ ಹಟ್ಟಿಯಲ್ಲಿ ಹುಟ್ಟಿ, ಅಪ್ಪನ ಸಾಲಕ್ಕೆ ದನ ಕಾಯ್ದು, ಅಲ್ಲೇ ಮುದುಕನಾದವನಿಗೆ ಸಂವಿಧಾನ ಏನು ಕೊಟ್ಟಿತು?

45ನೇ ವಿಧಿ 14 ವರ್ಷದೊಳಗಿನ ಮಕ್ಕಳಿಗೆಲ್ಲ ಹತ್ತು ವರ್ಷದಲ್ಲಿ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸರ್ಕಾರ ಪ್ರಯತ್ನಿಸಬೇಕು ಅಂದಿತು. ಅಂದರೆ 1960ಕ್ಕೆ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಅಂತ ಸಂವಿಧಾನಕ್ಕೆ ಸೇರಿಸಿದ್ದು 2002ರಲ್ಲಿ. ಕಾನೂನಾಗಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. 50 ವರ್ಷ ತಡ! ನಮ್ಮ ಅವ್ವಂದಿರು ಹೆಬ್ಬೆಟ್ಟಾಗಿ ಉಳಿದದ್ದು ಅವರ ತಲೆ ದಡ್ಡು ಅಂತಲ್ಲ. ಈ 50 ವರ್ಷ ಅವರ ಮೈಮೇಲೆ ಹಾದುಹೋಯಿತು.

ಮಲ ಹೊರುವ ವಿಷಯ ತೆಗೆದುಕೊಳ್ಳಿ. 1970ರ ದಶಕದ ಆರಂಭದಲ್ಲಿ ಬಿ. ಬಸವಲಿಂಗಪ್ಪನವರು ಪೌರಾಡಳಿತ ಮಂತ್ರಿಯಾಗಿದ್ದಾಗ ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸುವ ಕ್ರಮ ತೆಗೆದುಕೊಂಡರು. 1993ರಲ್ಲಿ ಕೇಂದ್ರದ ಕಾನೂನು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಜನ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ನಮ್ಮನ್ನು ಮನೆಯಿಂದ ಒಕ್ಕಲೆಬ್ಬಿಸಬೇಡಿ, ನಮಗೊಂದು ಮರ್ಯಾದೆಯ ಕೆಲಸ ಕೊಡಿ ಅಂತ. ಆದೇಶ ಇತ್ತು, ಕಾನೂನು ಇತ್ತು, ಸಂವಿಧಾನ ಇತ್ತು. ಮನುಷ್ಯ ತನ್ನ ಮೈಮೇಲೆ ಹೇಲು ಸುರಿದುಕೊಂಡ ಮೇಲೆ ಸರ್ಕಾರದ ಮೂಗಿಗೆ ವಾಸನೆ ತಟ್ಟಿತು. 2013ರಲ್ಲಿ ಇನ್ನೊಂದು ಕಾನೂನು ಬಂತು. 2014ರಲ್ಲಿ ಸುಪ್ರೀಂ ಕೋರ್ಟು, ಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತು. 2023ರಲ್ಲಿ 30 ಲಕ್ಷ ಕೊಡಿ ಅಂತು. ಸಾವಿನ ಬೆಲೆ ಏರುತ್ತಿದೆ. ಸಾವು ನಿಂತಿಲ್ಲ.

ಕಂಬಾಲಪಲ್ಲಿಯನ್ನು ಮರೆಯಬೇಡಿ. ಚಿಂತಾಮಣಿ ತಾಲ್ಲೂಕು, 2000ದ ಮಾರ್ಚ್ 11. ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. ಯಾಕೆ ತಿರುಗಿಬಿದ್ದರು ಅಂತ ಊರಲ್ಲಿ ಬದುಕಿದವರಿಗೆ ಗೊತ್ತು. 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕಾಯ್ದೆ ಜಾರಿಯಲ್ಲೇ ಇತ್ತು. ಹಾಗಾದರೆ ಆ ಏಳು ಮಂದಿ ತಾವಾಗಿಯೇ ಸುಟ್ಟುಕೊಂಡರೇ?

ಇನ್ನು ದುಡ್ಡಿನ ಮಾತು. ದುರ್ಬಲ ವರ್ಗಗಳ, ಅದರಲ್ಲೂ ಪರಿಶಿಷ್ಟ ಜಾತಿ ಪಂಗಡಗಳ ವಿದ್ಯೆ ಮತ್ತು ಆರ್ಥಿಕ ಹಿತವನ್ನು ವಿಶೇಷ ಎಚ್ಚರದಿಂದ ನೋಡಿಕೊಳ್ಳಬೇಕು ಅನ್ನುತ್ತದೆ 46ನೇ ವಿಧಿ. ಬಹಳ ಹೋರಾಟವಾದ ಮೇಲೆ 2013ರಲ್ಲಿ ಕರ್ನಾಟಕ ಒಂದು ಕಾನೂನು ಮಾಡಿತು. ಜನಸಂಖ್ಯೆಗೆ ತಕ್ಕ ಪಾಲು, ನೂರಕ್ಕೆ 24.1 ರೂಪಾಯಿ, ನಮಗೇ ಮೀಸಲು. ಒಳ್ಳೆಯ ಕಾನೂನು. ಆದರೆ ಅದರೊಳಗೇ 7(ಡಿ) ಅಂತ ಒಂದು ಕಿಂಡಿ ಇಟ್ಟರು. ರಸ್ತೆ, ಸೇತುವೆಗಳಂಥ ಎಲ್ಲರ ಕೆಲಸಕ್ಕೆ ಮಾಡಿದ ಖರ್ಚನ್ನೂ ನಮ್ಮ ಲೆಕ್ಕಕ್ಕೆ ಬರೆಯಬಹುದಾದ ಕಿಂಡಿ. ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಬಂದರೂ ಕಿಂಡಿ ತೆರೆದೇ ಇತ್ತು. ಕೂಗಿ ಕೂಗಿ 2023ರಲ್ಲಿ ಅದನ್ನು ಮುಚ್ಚಿಸಿದೆವು. ಅದೇ ವರ್ಷ ಪಕ್ಕದ ಬಾಗಿಲು ತೆರೆಯಿತು. ಗ್ಯಾರಂಟಿ ಯೋಜನೆಗಳಿಗೆ 2023-24ರಲ್ಲಿ ಈ ಹಣದಿಂದ 11 ಸಾವಿರ ಕೋಟಿಗೂ ಮೀರಿ, 2024-25ರಲ್ಲಿ 14 ಸಾವಿರ ಕೋಟಿಗೂ ಮೀರಿ ತೆಗೆದಿಟ್ಟರು.

ಕೇಳಿದರೆ ಮಂತ್ರಿಗಳು ಹೇಳುತ್ತಾರೆ: ಗೃಹಲಕ್ಷ್ಮಿ ದುಡ್ಡು ದಲಿತ ಹೆಂಗಸರಿಗೂ ಹೋಗುತ್ತದಲ್ಲ, ನಿಮ್ಮ ಹಣ ನಿಮಗೇ ಬಂತಲ್ಲ. ಹೌದು, ನಮ್ಮ ಅವ್ವಂದಿರಿಗೂ ಬರುತ್ತದೆ, ಅವರಿಗೆ ಅದು ಆಸರೆಯೂ ಹೌದು. ಬೇಡ ಅನ್ನುವವರು ನಾವಲ್ಲ. ಆದರೆ ಗೌಡರ ಮನೆಯಾಕೆಗೆ ಆ ದುಡ್ಡು ಬರುವಾಗ ಯಾವ ಮೀಸಲು ಹಣದಿಂದ ಕಡಿದು ಕೊಡುತ್ತೀರಿ? ಆಕೆಗೆ ನಾಡಿನ ಬೊಕ್ಕಸದಿಂದ. ನಮ್ಮ ಅವ್ವನಿಗೆ ಮಾತ್ರ ನಮ್ಮ ಹಾಸ್ಟೆಲು, ನಮ್ಮ ಭೂಮಿ, ನಮ್ಮ ಬೋರ್‌ವೆಲ್‌ಗೆ ಇಟ್ಟದ್ದರಿಂದ! ಊರಿಗೆಲ್ಲ ಅನ್ನ ಹಾಕುತ್ತೇನೆ ಅಂತ ಡಂಗುರ ಹೊಡೆಸಿ, ಕೇರಿಯವರ ಪಂಕ್ತಿಗೆ ಮಾತ್ರ ಕೇರಿಯವರ ಮಡಕೆಯ ಅಕ್ಕಿಯನ್ನೇ ಬೇಯಿಸಿ ಹಾಕಿದ ಹಾಗಾಯಿತು. ಇದೇ ಸರ್ಕಾರ 2023ರ ಸೆಪ್ಟೆಂಬರ್ 15ರಂದು ನಾಡಿಗೆಲ್ಲ ಪೀಠಿಕೆ ಓದಿಸಿತು. 2024ರ ಶುರುವಿನಲ್ಲಿ ಊರೂರಿಗೆ ಸಂವಿಧಾನ ಜಾಥಾ ಕಳಿಸಿತು. ಓದಿಸಿದ್ದು ಒಳ್ಳೆಯದೇ. ಓದಿದವರು ಈಗ ಲೆಕ್ಕ ಕೇಳುತ್ತಿದ್ದೇವೆ.

ಲೆಕ್ಕದಿಂದ ತಿಳಿದದ್ದು

ಈ ಪುಸ್ತಕ ಮುಂದಿಟ್ಟುಕೊಂಡು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ನಮಗೆ ಸಂಬಂಧಿಸಿದ ವಿಧಿಗಳನ್ನು ಸರ್ಕಾರ ತಾನಾಗಿ, ಹೊತ್ತಿಗೆ ಸರಿಯಾಗಿ ಪಾಲಿಸಿದ್ದು ಕಾಣುವುದಿಲ್ಲ. ಹಿಂದಿನಿಂದ ಯಾರೋ ತಳ್ಳಿದಾಗಲೆಲ್ಲ ಒಂದು ಹೆಜ್ಜೆ ಇಟ್ಟಿದೆ.

1951ರಲ್ಲಿ ಮದರಾಸಿನ ಕಾಲೇಜು ಸೀಟುಗಳ ಮೀಸಲಾತಿಯನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿತು. ಪೆರಿಯಾರರ ಕಡೆಯವರು, ಹಿಂದುಳಿದವರು ಬೀದಿಗಿಳಿದರು. ಅದೇ ವರ್ಷ ಜೂನಿನಲ್ಲಿ ಮೊದಲ ತಿದ್ದುಪಡಿ ಬಂತು, 15(4) ಸೇರಿತು. ಇವತ್ತು ನಾವು ಕಾಲೇಜಿನಲ್ಲಿ ಕೂತಿರುವುದು ಆ ವಿಧಿಯ ಬಲದಿಂದ. ಸಂವಿಧಾನ ಬರೆದು ಒಂದೂವರೆ ವರ್ಷಕ್ಕೆ ಜನ ಅದಕ್ಕೆ ಒಂದು ಸಾಲು ಸೇರಿಸಿದರು ಅಂತ ತಿಳಿಯಿರಿ.

2018ರ ಮಾರ್ಚ್ 20ರಂದು ದೌರ್ಜನ್ಯ ತಡೆ ಕಾಯ್ದೆಯ ಹಲ್ಲು ಕೀಳುವ ತೀರ್ಪು ಬಂತು. ಏಪ್ರಿಲ್ 2ರಂದು ದೇಶದ ದಲಿತರು ಬಂದ್ ಮಾಡಿದರು. ಉತ್ತರದಲ್ಲಿ ನಮ್ಮವರ ಜೀವಗಳೂ ಹೋದವು. ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾಯ್ದೆಯನ್ನು ಮೊದಲಿನಂತೆ ಮಾಡಿತು. 2019ರಲ್ಲಿ ಕೋರ್ಟೂ ತನ್ನ ಆ ಆದೇಶಗಳನ್ನು ಹಿಂದಕ್ಕೆ ತೆಗೆದುಕೊಂಡಿತು. ನಮ್ಮ ರಾಜ್ಯದ ನೌಕರರ ಬಡ್ತಿ ಮೀಸಲಾತಿ 2017ರಲ್ಲಿ ಬಿದ್ದುಹೋಗಿತ್ತು. ನೌಕರರು, ಸಂಘಟನೆಗಳು ಹಿಡಿದು ಜಗ್ಗಿ ಹೊಸ ಕಾನೂನು ಮಾಡಿಸಿದರು. 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿತು.

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳಿಗೆ ದಲಿತರನ್ನು ಬಿಡದ ಜಗಳ ಬೆಳೆದು 2014ರಲ್ಲಿ ಕೇರಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕೇಸು ಬಿಡಲಿಲ್ಲ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಹೈಕೋರ್ಟಿನಲ್ಲಿ ಬಹುಪಾಲು ಮಂದಿಗೆ ಜಾಮೀನು ಸಿಕ್ಕಿತು, ನಿಜ. ಆದರೂ ಕಂಬಾಲಪಲ್ಲಿಗೂ ಮರಕುಂಬಿಗೂ ಕಾಯ್ದೆ ಒಂದೇ, ಸಂವಿಧಾನ ಒಂದೇ. ಒಂದು ಕಡೆ ಸಾಕ್ಷಿ ಉಳಿಯಲಿಲ್ಲ, ಇನ್ನೊಂದು ಕಡೆ ಉಳಿಯಿತು. ಸಾಕ್ಷಿಯ ಬೆನ್ನಿಗೆ ಯಾರು ನಿಲ್ಲುತ್ತಾರೆ ಅನ್ನುವುದರ ಮೇಲೆ 17ನೇ ವಿಧಿ ಬದುಕುತ್ತದೆ ಅಥವಾ ಸಾಯುತ್ತದೆ.

ಇಲ್ಲಿ ಕೆಲವು ಬುದ್ಧಿವಂತರು ನಮ್ಮ ಬಾಯಿ ಮುಚ್ಚಿಸೋಕೆ ಬಾಬಾಸಾಹೇಬರನ್ನೇ ತರುತ್ತಾರೆ. 1949ರ ನವೆಂಬರ್ 25ರ ಭಾಷಣದಲ್ಲಿ ಅವರೇ ಸತ್ಯಾಗ್ರಹ, ಅಸಹಕಾರ ಬಿಡಿ ಅಂದರಲ್ಲ, ನೀವ್ಯಾಕೆ ಧರಣಿ ಕೂರುತ್ತೀರಿ ಅಂತಾರೆ. ಭಾಷಣವನ್ನು ಪೂರ್ತಿ ಓದಿ ಸ್ವಾಮಿ. ಸಂವಿಧಾನದ ದಾರಿ ತೆರೆದಿರುವಾಗ ಆ ದಾರಿಗಳು ಬೇಡ ಅಂದರು ಅವರು. ಶಾಂತಿಯಿಂದ ಸಭೆ ಸೇರುವುದು 19ನೇ ವಿಧಿ ಕೊಟ್ಟ ಹಕ್ಕು. ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂತು ಲೆಕ್ಕ ಕೇಳುವುದು ಸಂವಿಧಾನದ ದಾರಿಯೇ. ಅದೇ ಭಾಷಣದಲ್ಲಿ ಅವರು, ಓಟಿನಲ್ಲಿ ಸಮಾನತೆ ಬರುತ್ತದೆ, ಬದುಕಿನಲ್ಲಿ ಬರುವುದಿಲ್ಲ, ಈ ವಿರೋಧವನ್ನು ಬೇಗ ತೆಗೆಯದಿದ್ದರೆ ನೊಂದವರು ಈ ಕಟ್ಟಡವನ್ನೇ ಕೆಡವುತ್ತಾರೆ ಅನ್ನುವ ಎಚ್ಚರಿಕೆಯನ್ನೂ ಕೊಟ್ಟರು. ಅದನ್ನು ಯಾಕೆ ನುಂಗುತ್ತೀರಿ? ಸಂವಿಧಾನ ಎಷ್ಟೇ ಒಳ್ಳೆಯದಿದ್ದರೂ ನಡೆಸುವವರು ಕೆಟ್ಟವರಾದರೆ ಅದೂ ಕೆಡುತ್ತದೆ ಅಂದರು. 1953ರಲ್ಲಿ ರಾಜ್ಯಸಭೆಯಲ್ಲಿ ಬೇಸತ್ತು, ಇದನ್ನು ಸುಡುವುದಾದರೆ ಸುಡುವವರಲ್ಲಿ ನಾನೇ ಮೊದಲಿಗ ಅನ್ನುವವರೆಗೂ ಹೋದರು. 1955ರಲ್ಲಿ ಕಾರಣ ಕೇಳಿದಾಗ, ದೇವರಿಗೆಂದು ಕಟ್ಟಿದ ಗುಡಿಯಲ್ಲಿ ದೆವ್ವ ಬಂದು ಕೂತರೆ ಇನ್ನೇನು ಮಾಡೋದು ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರು. ಗುಡಿ ಕೆಡವಿ ಅಂತ ನಾವು ಹೇಳುವುದಿಲ್ಲ. ಅದರಲ್ಲಿ ನಮ್ಮ ಹಿರಿಯರು ಹೊತ್ತ ಕಲ್ಲುಗಳಿವೆ. ದೆವ್ವವನ್ನು ಓಡಿಸಬೇಕು.

ನಮ್ಮ ತಟ್ಟೆಯ ನೊಣ

ಬೇರೆಯವರಿಗೆ ಬೈದು ಮುಗಿಸಿದರೆ ಅರ್ಧ ಮಾತಾಯಿತು. ನಾವೇನು ಮಾಡಿದ್ದೇವೆ? ನಮ್ಮ ನಾಯಕರಲ್ಲಿ ಕೆಲವರು ನಿಗಮ ಮಂಡಳಿಯ ಕುರ್ಚಿ ಸಿಕ್ಕ ಮೇಲೆ ಸಂವಿಧಾನದ ವಿಷಯ ಭಾಷಣಕ್ಕೆ ಮಾತ್ರ ಇಟ್ಟುಕೊಂಡರು. ಹೊಲೆಯ ಮಾದಿಗ ಅಂತ ನಾವೇ ಎರಡು ಪಂಕ್ತಿ ಮಾಡಿಕೊಂಡೆವು. ಅಕ್ಕ ತಂಗಿಯರನ್ನು ಸಭೆಯಲ್ಲಿ ಸ್ವಾಗತಗೀತೆಗೆ ನಿಲ್ಲಿಸಿ ತೀರ್ಮಾನದ ಹೊತ್ತಿಗೆ ಕರೆಯಲಿಲ್ಲ. ದಾಕ್ಷಾಯಣಿಯವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು? ಏಪ್ರಿಲ್ 14ರ ಡಿ.ಜೆ.ಗೆ ಚಂದಾ ಎತ್ತುತ್ತೇವೆ. ಅದರಲ್ಲಿ ಹತ್ತನೇ ಒಂದು ಪಾಲು ಕೊಟ್ಟರೆ ಹಾಸ್ಟೆಲಿಗೆ ಸಂವಿಧಾನದ ನಾಲ್ಕು ಪ್ರತಿ ಬರುತ್ತವೆ. ಹಾರ ಹಾಕುವ ಸರ್ಕಾರಕ್ಕೂ ಹಾರ ಹಾಕುವ ನಮಗೂ ಏನು ವ್ಯತ್ಯಾಸ ಹಾಗಾದರೆ?

ಆದ್ದರಿಂದ ಈ ವರ್ಷ ಪ್ರತಿ ಹಾಸ್ಟೆಲಿನಲ್ಲೂ ಇಷ್ಟು ಮಾಡೋಣ.

ಒಂದು. ವಾರಕ್ಕೊಂದು ಸಂಜೆ ಕೂತು ಸಂವಿಧಾನ ಓದೋಣ. ಮೊದಲು 14ರಿಂದ 17, ಆಮೇಲೆ 19, 21, 23, 32, 46. ಓದಿದ ಮೇಲೆ, ಇದು ನಮ್ಮ ಊರಲ್ಲಿ ನಡೆಯುತ್ತಾ ಅಂತ ಪ್ರತಿಯೊಬ್ಬರೂ ಹೇಳಬೇಕು. ಗುಡಿ, ಬಾವಿ, ಕ್ಷೌರದಂಗಡಿ, ಹೋಟೆಲಿನ ಲೋಟ, ಸ್ಮಶಾನದ ದಾರಿ, ಎಲ್ಲವನ್ನೂ ಬರೆದಿಡಬೇಕು.

ಎರಡು. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸಭೆ ಸೇರಬೇಕು. ಮುಖ್ಯಮಂತ್ರಿಯ ಅಧ್ಯಕ್ಷತೆಯ ರಾಜ್ಯ ಸಮಿತಿ ವರ್ಷಕ್ಕೆ ಎರಡು ಸಲ ಸೇರಬೇಕು. ಸೇರಿದೆಯೇ? ನಡಾವಳಿ ಎಲ್ಲಿ? ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಅರ್ಜಿ ಬರೆಯುವುದನ್ನು ದೊಡ್ಡ ತರಗತಿಯವರು ಚಿಕ್ಕವರಿಗೆ ಕಲಿಸಬೇಕು.

ಮೂರು. ನಮ್ಮ ಹಾಸ್ಟೆಲಿಗೆ ಎಷ್ಟು ಹಣ ಬಂತು, ಒಬ್ಬರಿಗೆ ತಿಂಗಳಿಗೆ ಎಷ್ಟು, ಅಕ್ಕಿ ಬೇಳೆ ಎಷ್ಟು ಅಂತ ಗೋಡೆಯ ಮೇಲೆ ಬರೆಸಬೇಕು. ಪೀಠಿಕೆಯ ಪಟದ ಪಕ್ಕದಲ್ಲೇ ಬರೆಸಬೇಕು. ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ಯಾರ ದಯೆಯೂ ಅಲ್ಲ. ಬಾಬಾಸಾಹೇಬರು ವೈಸರಾಯ್ ಮಂಡಲಿಯಲ್ಲಿದ್ದಾಗ, 1944ರಲ್ಲಿ, ಶುರುವಾದದ್ದು. ಸಂವಿಧಾನಕ್ಕಿಂತ ಹಳೆಯ ಬಾಕಿ ಅದು.

ನಾಲ್ಕು. ಊರಲ್ಲಿ ದೌರ್ಜನ್ಯ ನಡೆದರೆ ದೂರು ಬರೆಸಿಕೊಳ್ಳದ ಅಧಿಕಾರಿಯೂ ಅದೇ ಕಾಯ್ದೆಯ 4ನೇ ಕಲಮಿನ ಪ್ರಕಾರ ಅಪರಾಧಿ ಆಗಬಹುದು. ಇದನ್ನು ಪ್ರತಿ ಕೇರಿಗೂ ಮುಟ್ಟಿಸಬೇಕು. ಅದಕ್ಕಿಂತ ಮುಖ್ಯ, ಸಾಕ್ಷಿ ಹೇಳಿದವರ ಮನೆಯ ಮುಂದೆ ರಾತ್ರಿ ನಾಲ್ಕು ಜನ ಹುಡುಗರು ಮಲಗಬೇಕು.

ಇಷ್ಟು ಮಾಡಿದರೆ ನಾಳೆಯೇ ಸರ್ಕಾರ ಸರಿಹೋಗುತ್ತದೆ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಮುಂದಿನ ನವೆಂಬರ್ 26ಕ್ಕೆ ವಾರ್ಡನ್ನು ನಮ್ಮನ್ನು ಸಾಲಾಗಿ ನಿಲ್ಲಿಸಿದಾಗ ನಾವು ಪೀಠಿಕೆಯನ್ನೂ ಓದೋಣ, ಲೆಕ್ಕವನ್ನೂ ಓದೋಣ. ಫೋಟೋ ತೆಗೆಯುವವರು ಅದರ ಫೋಟೋವನ್ನೂ ಮೇಲಕ್ಕೆ ಕಳಿಸಲಿ.

ಆ ಹುಡುಗನಿಗೆ ನಮ್ಮ ಉತ್ತರ ಇದು. ತಮ್ಮಾ, ಬರೆಯುವ ಹೊತ್ತಿಗೆ ನಿನ್ನ ತಾತನನ್ನು ಯಾರೂ ಒಳಗೆ ಕರೆಯಲಿಲ್ಲ. ಅವನಂಥವರು ಬಾಗಿಲು ಬಡಿದದ್ದರಿಂದ 'ನಾವು' ಅನ್ನುವ ಮಾತಿನಲ್ಲಿ ಅವನಿಗೆ ಜಾಗ ಸಿಕ್ಕಿತು. ಆ ಜಾಗದಲ್ಲಿ ಈಗ ನೀನು ಕೂತಿದ್ದೀಯ. ನೀನು ಲೆಕ್ಕ ಕೇಳದಿದ್ದರೆ ಅದು ಖಾಲಿ ಇದೆ ಅಂತಲೇ ಅವರು ತಿಳಿಯುತ್ತಾರೆ.

ಹಾರ ಸಾಕು. ಲೆಕ್ಕ ಬೇಕು.

ಜೈ ಭೀಮ್.